ಹಳೆಯ ಓಣಿಯ ಅಟ್ಟ, ಹೊಸ ಕಾಲದ ಬಾಡಿಗೆ ಮನೆ



ಅನ್ನ, ಅರಿವೆ, ಆಸರೆ ಎಂಬ ಮೂರರಲ್ಲಿ ಮೊದಲಿನ ಎರಡನ್ನು ಮನುಷ್ಯನು ದುಡಿದು ಅಂದಂದಿಗೆ ಗಳಿಸಿಕೊಳ್ಳಬಲ್ಲನು. ಆಸರೆಯ ಮಾತು ಹಾಗಲ್ಲ. ಅದನ್ನು ಹಿರಿಯರು ಕಟ್ಟಿ ಕೊಟ್ಟು ಹೋಗಿರಬೇಕು, ಇಲ್ಲವೇ ಇನ್ನೊಬ್ಬರು ನಂಬಿಕೆಯಿಂದ ಬಾಡಿಗೆಗೆ ಕೊಡಬೇಕು. ಕೊಡುವವರು ಮತ್ತು ಪಡೆಯುವವರು ಒಂದೇ ಸೂರಿನಡಿ ಬಾಳಬೇಕಾದುದರಿಂದ ಬಾಡಿಗೆಯೆಂಬುದು ಬರಿಯ ಹಣದ ವ್ಯವಹಾರವಾಗಿ ಉಳಿಯುವುದಿಲ್ಲ. ಈ ವಿಷಯವನ್ನು ಕುಟುಂಬದವರೆಲ್ಲರೂ ಕುಳಿತು ವಿಚಾರಿಸುವಂತಾಗಲಿ ಎಂಬುದು ಈ ಲೇಖನದ ಆಶಯ.

ಹುಬ್ಬಳ್ಳಿ ಧಾರವಾಡಗಳ ನಡುವಿನ ಹಳೆಯ ಊರುಗಳಲ್ಲಿ ಒಂದು ಮನೆಯ ಚಿತ್ರವನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಅಜ್ಜ ಕಟ್ಟಿಸಿದ ಮನೆ. ಸಾಗವಾನಿಯ ತಲಬಾಗಿಲು, ದಪ್ಪ ಗೋಡೆ, ಪಡಸಾಲೆಯಲ್ಲಿ ಕಂಬಗಳ ಸಾಲು, ಮೇಲೆ ವಿಶಾಲವಾದ ಅಟ್ಟ. ಮಕ್ಕಳು ಬೆಂಗಳೂರು, ಪುಣೆ ಅಥವಾ ಹೊರದೇಶ ಸೇರಿದ್ದಾರೆ. ಕೆಳಗೆ ವಯಸ್ಸಾದ ತಾಯಿತಂದೆಗಳಿಬ್ಬರೇ ಇದ್ದಾರೆ. ಒಂದು ಕಾಲಕ್ಕೆ ಜೋಳದ ಚೀಲ, ಮೆಣಸಿನಕಾಯಿ, ಬೀಜದ ಗಡಿಗೆಗಳಿಂದ ತುಂಬಿರುತ್ತಿದ್ದ ಅಟ್ಟದಲ್ಲಿ ಈಗ ಮುರಿದ ತೊಟ್ಟಿಲು, ಹಳೆಯ ಟ್ರಂಕುಗಳು ಬಿದ್ದಿವೆ. ಅದೇ ಓಣಿಯ ತುದಿಯಲ್ಲಿ ಎದ್ದ ಹೊಸ ಅಪಾರ್ಟಮೆಂಟಿನ ಮೇಲಂತಸ್ತಿನ ಮನೆಗೆ ‘ಲಕ್ಸುರಿ ಲಾಫ್ಟ್’ ಎಂದು ಹೆಸರಿಟ್ಟು ಭಾರಿ ಬಾಡಿಗೆ ಹೇಳುತ್ತಾರೆ. ಮಕ್ಕಳು ಫೋನಿನಲ್ಲಿ, "ಅಪ್ಪಾ, ಮನೀ ಕೆಡವಿ ಫ್ಲ್ಯಾಟು ಕಟ್ಟಿಸೋಣು" ಎನ್ನುತ್ತಾರೆ. ಹಿರಿಯರಿಗೆ ಹೌದೆನ್ನಲೂ ಮನಸ್ಸಿಲ್ಲ, ಅಲ್ಲವೆನ್ನಲೂ ಧೈರ್ಯವಿಲ್ಲ.

ಕೆಡವುವುದಕ್ಕೆ ಮುಂಚೆ ಅಟ್ಟದ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡಿರೆಂದು ಇಂಥ ಕುಟುಂಬಗಳಿಗೆ ನಾವು ಹೇಳಬಯಸುತ್ತೇವೆ. ಸರಿಯಾಗಿ ದುರಸ್ತಿಗೊಂಡು, ಸರಿಯಾದ ಕರಾರಿನಿಂದ ಬಾಡಿಗೆಗೆ ಹೋದ ಅಟ್ಟವು ಮನೆಯನ್ನೂ ಉಳಿಸೀತು, ಮನೆಯ ಹಿರಿಯರನ್ನೂ ಸಲಹೀತು.

ಅಮರಗೋಳದ ನೆಲೆ

ಅಮರಗೋಳವು ಇಂದು ಅವಳಿ ನಗರದ ಒಂದು ಭಾಗವಾಗಿದ್ದರೂ ಅದರ ಬೇರುಗಳು ಬಹಳ ಹಳೆಯವು. ಇಲ್ಲಿಯ ಬನಶಂಕರಿ ಮತ್ತು ಶಂಕರಲಿಂಗ ದೇವಾಲಯಗಳು ಚಾಲುಕ್ಯ ಪರಂಪರೆಯ ಶಿಲ್ಪಿಗಳ ಕೈಚಳಕವನ್ನು ಇಂದಿಗೂ ತೋರಿಸುತ್ತಿವೆ. ಪಕ್ಕದ ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರ ದೇವಾಲಯವಿದೆ. ಶತಮಾನಗಳ ಕಾಲ ಒಕ್ಕಲುತನದ ಹಳ್ಳಿಯಾಗಿದ್ದ ಈ ಊರಿನ ಸುತ್ತಲಿನ ಪರಿಸರವು 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಸೇರಿ ಒಂದೇ ಮಹಾನಗರ ಪಾಲಿಕೆಯಾದ ತರುವಾಯ ವೇಗದಿಂದ ಬದಲಾಯಿತು. ಕೃಷಿ ಉತ್ಪನ್ನ ಮಾರುಕಟ್ಟೆಯ ದೊಡ್ಡ ಪ್ರಾಂಗಣ ಇಲ್ಲಿಯೇ ನೆಲೆಗೊಂಡಿತು. ಮಗ್ಗುಲಲ್ಲಿಯೇ ನವನಗರ ಬೆಳೆಯಿತು. ಅಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಸಂಸ್ಥೆಯಿದೆ. 2009ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಇದೆ.

2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರ ಸ್ಥಾನವಾಯಿತು. 2008ರಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಅದು ಕಾಯಂ ಪೀಠವಾಯಿತು. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂದಿತು. ಎರಡೂ ನಗರಗಳನ್ನು ಜೋಡಿಸುವ ಸುಮಾರು 22 ಕಿಲೋಮೀಟರ್ ಉದ್ದದ ತ್ವರಿತ ಬಸ್ ಮಾರ್ಗದಲ್ಲಿ ‘ಚಿಗರಿ’ ಬಸ್ಸುಗಳು 2018ರಲ್ಲಿ ಓಡತೊಡಗಿದವು. 2020ರ ಫೆಬ್ರುವರಿ 2ರಂದು ಅದರ ವಿಧ್ಯುಕ್ತ ಉದ್ಘಾಟನೆ ನೆರವೇರಿತು. ಎರಡು ಊರುಗಳ ನಡುವೆ ಇರುವ ಅಮರಗೋಳಕ್ಕೆ ಇದರಿಂದ ಹೊಸ ಬೆಲೆ ಬಂದಿದೆ. ವಕೀಲರು, ಅಧ್ಯಾಪಕರು, ರೈಲ್ವೆಯ ನೌಕರರು, ವೈದ್ಯರು, ಅಡತಿ ವ್ಯಾಪಾರದವರು ಮುಂತಾಗಿ ಮನೆ ಹುಡುಕುವವರು ಹಲವರು. ಅವರಲ್ಲಿ ಹೊಸ ಡಬ್ಬಿಯಂತಹ ಕೋಣೆಗಳಿಗಿಂತ ಗಾಳಿ ಬೆಳಕುಳ್ಳ ಹಳೆಯ ಮನೆಯ ಮೇಲ್ಭಾಗವನ್ನು ಮೆಚ್ಚುವವರೂ ಇದ್ದಾರೆ.

ಲಾಫ್ಟ್ ಎಂಬ ಹೆಸರಿನ ಹಿಂದೆ

‘ಲಾಫ್ಟ್’ ಎಂಬ ಇಂಗ್ಲಿಷ್ ಮಾತು ಹಳೆಯ ನಾರ್ಸ್ ಭಾಷೆಯಿಂದ ಬಂದುದು. ಅಲ್ಲಿ ಅದಕ್ಕೆ ಗಾಳಿ, ಆಕಾಶ, ಮೇಲಂತಸ್ತು ಎಂಬ ಅರ್ಥಗಳಿದ್ದವು. ನಮ್ಮ ‘ಅಟ್ಟ’ವೂ ಇಂಥದೇ ಜಾಗವಾದುದರಿಂದ ಹೆಸರು ಹೊಸತೆಂದು ಬೆರಗಾಗಬೇಕಾಗಿಲ್ಲ.

ಇಂದಿನ ಅರ್ಥದ ಲಾಫ್ಟ್ ಮನೆ ಪ್ರಸಿದ್ಧಿಗೆ ಬಂದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಅಲ್ಲಿಯ ಸೊಹೊ ಎಂಬ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ, ಎರಕದ ಕಬ್ಬಿಣದ ಮುಖಭಾಗವುಳ್ಳ ಕಾರಖಾನೆ ಮತ್ತು ಉಗ್ರಾಣಗಳ ಕಟ್ಟಡಗಳಿದ್ದವು. ಉದ್ಯಮಗಳು ಬಿಟ್ಟುಹೋದಾಗ ಎತ್ತರದ ಛಾವಣಿ, ದೊಡ್ಡ ಕಿಟಕಿಗಳ ಆ ಖಾಲಿ ಅಂತಸ್ತುಗಳಿಗೆ ಬಡ ಚಿತ್ರಕಾರರು, ಶಿಲ್ಪಿಗಳು ಅಗ್ಗದ ಬಾಡಿಗೆಗೆ ಬಂದು ನೆಲೆಸಿದರು. ವಾಸಕ್ಕೆಂದು ಕಟ್ಟಿದ ಜಾಗ ಅದಾಗಿರಲಿಲ್ಲ. ಬೆಂಕಿಯ ಭಯ ವಿಪರೀತವಾಗಿತ್ತು. ಆದುದರಿಂದ 1961ರಿಂದ, ಒಳಗೆ ಮನುಷ್ಯರು ವಾಸವಾಗಿದ್ದಾರೆಂದು ಅಗ್ನಿಶಾಮಕ ದಳದವರಿಗೆ ತಿಳಿಯಲೆಂದು ಬಾಗಿಲ ಬಳಿ ಒಂದು ಫಲಕ ಹಾಕುವ ಪದ್ಧತಿ ಬಂದಿತು. 1971ರಲ್ಲಿ ಕಲಾವಿದರ ವಾಸಕ್ಕೆ ನಗರದ ನಿಯಮದಲ್ಲಿ ಅವಕಾಶ ದೊರೆಯಿತು. 1973ರಲ್ಲಿ ಆ ಭಾಗವನ್ನು ಐತಿಹಾಸಿಕ ಪ್ರದೇಶವೆಂದು ಸಾರಲಾಯಿತು. 1982ರಲ್ಲಿ ಇಂಥ ಬಾಡಿಗೆದಾರರ ರಕ್ಷಣೆಗೆಂದೇ ಒಂದು ಕಾಯ್ದೆ ಬಂದಿತು. ಆ ಬೀದಿಗಳಿಗೆ ಕಳೆ ತಂದವರು ಕಲಾವಿದರು. ಆದರೆ ಕಳೆ ಏರಿದಂತೆ ಬಾಡಿಗೆಯೂ ಏರಿ, ಅವರಲ್ಲಿ ಹಲವರು ಕೊನೆಗೆ ಅಲ್ಲಿಂದ ಎದ್ದುಹೋಗಬೇಕಾಯಿತು.

ದೂರದ ಆ ಊರಿನ ಕಥೆಯಲ್ಲಿ ನಮಗೆ ಎರಡು ಪಾಠಗಳಿವೆ. ಸಾಮಾನು ಇಡಲು ಕಟ್ಟಿದ ಜಾಗಕ್ಕೆ ಮನುಷ್ಯರನ್ನು ಕಳುಹಿಸುವ ಮೊದಲು ಅವರ ಸುರಕ್ಷತೆಯನ್ನು ಆಲೋಚಿಸಬೇಕು. ಬಾಡಿಗೆಯ ಆಸೆ ಮಿತಿಮೀರಿದರೆ ಓಣಿಯ ಜೀವವಾದ ಜನರೇ ಓಣಿಯನ್ನು ತೊರೆಯುತ್ತಾರೆಂಬುದು ಇನ್ನೊಂದು.

ಅಟ್ಟವು ವಾಸದ ಮನೆಯಾಗಬೇಕಾದರೆ

ಎಲ್ಲ ಅಟ್ಟಗಳೂ ವಾಸಕ್ಕೆ ಯೋಗ್ಯವಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ವಾಸದ ಕೋಣೆಗೆ 2.75 ಮೀಟರ್, ಎಂದರೆ ಸುಮಾರು 9 ಅಡಿ ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ತಲೆ ಬಗ್ಗಿಸಿ ನಡೆಯಬೇಕಾದ ಅಟ್ಟವನ್ನು ಸಾಮಾನಿಗೇ ಬಿಡುವುದು ಲೇಸು. ಪೂರ್ಣ ಎತ್ತರದ ಮಹಡಿ ಇದ್ದವರು ಮಾತ್ರ ಮುಂದಿನ ಹೆಜ್ಜೆ ಇಡಬೇಕು.

ಆ ಹೆಜ್ಜೆಯೆಂದರೆ ಅರ್ಹ ಎಂಜಿನಿಯರರನ್ನು ಕರೆಸಿ ತೊಲೆ, ಜಂತಿ, ಗೋಡೆಗಳನ್ನು ತೋರಿಸುವುದು. ಚೀಲಗಳ ಭಾರ ಹೊತ್ತ ಅಟ್ಟಕ್ಕೆ ನಾಲ್ಕು ಜನರ ಭಾರ ಏನು ಲೆಕ್ಕ ಎಂದು ಕೆಲವರು ಹೇಳುವುದುಂಟು. ಆದರೆ ನೆಲಕ್ಕೆ ಹಾಸುವ ಗ್ರಾನೈಟು, ಇಟ್ಟಿಗೆಯ ಅಡ್ಡಗೋಡೆಗಳು, ನೀರು ತುಂಬಿದ ಟಾಕಿ, ಸ್ನಾನಗೃಹದ ಕಾಂಕ್ರೀಟು ಇವೆಲ್ಲ ಸೇರಿದಾಗ ಭಾರ ಬಹುಪಾಲು ಹೆಚ್ಚುತ್ತದೆ. ಗೆದ್ದಲು ಹತ್ತಿದ ತೊಲೆಯು ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಟೊಳ್ಳಾಗಿರಬಹುದು. ಎರೆ ಮಣ್ಣಿನ ನೆಲವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಂಥಲ್ಲಿ ಬುನಾದಿಯ ಪರೀಕ್ಷೆಯೂ ಅವಶ್ಯ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವರು ಜೀವ ಕಳೆದುಕೊಂಡುದನ್ನು ನಮ್ಮ ಭಾಗದವರು ಮರೆಯಲಾರರು. ಹೊಸ ಕಟ್ಟಡಕ್ಕೇ ಅಂಥ ಗತಿ ಬಂದಿತೆಂದ ಮೇಲೆ ಹಳೆಯ ಗೋಡೆಯ ಮೇಲೆ ಭಾರ ಹೇರುವವರು ಇಮ್ಮಡಿ ಎಚ್ಚರ ವಹಿಸಬೇಕು.

ಹಳೆಯ ಮಣ್ಣಿನ ಅಥವಾ ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅಂಥ ಗೋಡೆಗಳು ತೇವವನ್ನು ಹೀರಿ ಹೊರಗೆ ಬಿಡುತ್ತಾ ಬಾಳಿಕೆ ಬರುತ್ತವೆ. ಸಿಮೆಂಟು ಆ ದಾರಿಯನ್ನು ಮುಚ್ಚಿಬಿಡುವುದರಿಂದ ತೇವವು ಒಳಗೇ ನಿಂತು ಗಿಲಾವು ಉದುರುತ್ತದೆ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಮದ್ದು. ಹೆಂಚಿನ ಛಾವಣಿಯಿದ್ದರೆ ಮುಂಗಾರಿಗೆ ಮೊದಲು ಒಡೆದ ಹೆಂಚುಗಳನ್ನು ಬದಲಿಸಿ, ಜರುಗಿದವನ್ನು ಸರಿಪಡಿಸಬೇಕು. ಹೆಂಚಿನ ಕೆಳಗೆ ಮರದ ಹಲಗೆಯ ಒಳಛಾವಣಿ ಮಾಡಿಸಿದರೆ ಬೇಸಿಗೆಯ ಕಾವು ತಗ್ಗುತ್ತದೆ. ಎದುರುಬದುರಾಗಿ ಕಿಟಕಿಗಳಿದ್ದರೆ ಗಾಳಿ ಹಾಯುತ್ತದೆ. ಹಳೆಯ ಬೆಳಕಿಂಡಿಯನ್ನು ಮುಚ್ಚದೆ ಗಾಜು ಹಾಕಿಸಿದರೆ ಹಗಲಿನಲ್ಲಿ ದೀಪ ಬೇಕಾಗುವುದಿಲ್ಲ. ಈ ಕಂಬ, ಈ ಬೆಳಕಿಂಡಿ, ಈ ತಂಪು ಗೋಡೆಗಳನ್ನು ಮೆಚ್ಚಿಯೇ ಜನ ಹಳೆಯ ಮನೆಗೆ ಹೆಚ್ಚಿನ ಬಾಡಿಗೆ ಕೊಡುತ್ತಾರೆ. ಅವನ್ನು ಕಿತ್ತು ಹೊಳೆಯುವ ಫರಸಿ, ಪ್ಲಾಸ್ಟಿಕ್ ಛಾವಣಿ ಹಾಕಿಸುವುದು ಹಣ ಕೊಟ್ಟು ಬೆಲೆ ಕಳೆದುಕೊಂಡಂತೆ.

ಮೇಲಿನ ಮನೆಗೆ ಪ್ರತ್ಯೇಕ ಮೆಟ್ಟಿಲು ಇರುವುದು ಉತ್ತಮ. ಹಳೆಯ ಕಾಲದ ಕಡಿದಾದ ಮರದ ಏಣಿಮೆಟ್ಟಿಲು ಮಕ್ಕಳಿಗೂ ವೃದ್ಧರಿಗೂ ಅಪಾಯಕಾರಿ. ವಿದ್ಯುತ್ತಿನ ಹಳೆಯ ತಂತಿಗಳನ್ನು ಪೂರ್ಣವಾಗಿ ತೆಗೆಸಿ ಹೊಸದಾಗಿ ಜೋಡಿಸಿ, ಸೋರಿಕೆಯಾದೊಡನೆ ಪ್ರವಾಹ ಕಡಿಯುವ ಸ್ವಿಚ್ಚನ್ನು ಹಾಕಿಸಬೇಕು. ಪ್ರತ್ಯೇಕ ಮೀಟರು ಇದ್ದರೆ ಬಿಲ್ಲಿನ ಜಗಳವೇ ಇರುವುದಿಲ್ಲ. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿಯೇ ಶೇಖರವಾಗುತ್ತದೆ. ಆದುದರಿಂದ ಸಿಲಿಂಡರನ್ನು ನಿಲ್ಲಿಸಿಯೇ ಇಟ್ಟು, ಕೆಳಮಟ್ಟದಲ್ಲಿಯೂ ಗಾಳಿಯಾಡುವ ಕಿಂಡಿ ಬಿಡಿಸಬೇಕು. ಮರದ ಅಟ್ಟವಿರುವ ಮನೆಯಲ್ಲಿ ಬೆಂಕಿ ಆರಿಸುವ ಸಾಧನ ಒಂದಾದರೂ ಇರಲಿ.

ನೀರಿನ ಮಾತನ್ನೂ ಮುಚ್ಚಿಡಬಾರದು. ಅವಳಿ ನಗರಕ್ಕೆ ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆ. ಕೆಲವು ವಾರ್ಡುಗಳಿಗೆ 2008ರಿಂದ ದಿನವಿಡೀ ನೀರು ಕೊಡುವ ವ್ಯವಸ್ಥೆಯಾದರೂ ಉಳಿದ ಓಣಿಗಳವರು ನಳದ ಸರದಿಗಾಗಿ ಕಾಯುವುದು ತಪ್ಪಲಿಲ್ಲ. ನಿಮ್ಮ ಓಣಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಟಾಕಿ ಎಷ್ಟು ದೊಡ್ಡದು ಎಂಬುದನ್ನು ಬಾಡಿಗೆಗೆ ಬರುವವರಿಗೆ ಮೊದಲ ದಿನವೇ ಹೇಳಿದರೆ ಮುಂದೆ ಮುಖ ಕೆಡುವುದಿಲ್ಲ.

ದೇವಾಲಯದ ನೆರೆಯವರು ಅರಿಯಬೇಕಾದ ನಿಯಮ

ಪುರಾತನ ಊರುಗಳಲ್ಲಿ ವಾಸಿಸುವವರಿಗೆ ಇನ್ನೊಂದು ಕಟ್ಟಳೆಯಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರಕಾರವು ಸಂರಕ್ಷಿಸಿದ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ 200 ಮೀಟರುಗಳಲ್ಲಿ ಪೂರ್ವಾನುಮತಿಯಿಲ್ಲದೆ ಕಟ್ಟುವಂತಿಲ್ಲ. ನಿಷಿದ್ಧ ವಲಯದಲ್ಲಿಯೂ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗಳ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಲು ಅವಕಾಶವುಂಟು. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದ ಸುತ್ತಲಿನ ಕುಟುಂಬಗಳಿಗೆ ಈ ನಿಯಮದ ಬಿಸಿ ಚೆನ್ನಾಗಿ ಗೊತ್ತು. ಅಮರಗೋಳದ ದೇವಾಲಯಗಳ ನೆರೆಯಲ್ಲಿರುವವರು ಸಹ ತಮ್ಮ ಜಾಗ ಯಾವ ವಲಯದಲ್ಲಿ ಬರುತ್ತದೆಂಬುದನ್ನು ಧಾರವಾಡದಲ್ಲಿರುವ ಪುರಾತತ್ವ ಸರ್ವೇಕ್ಷಣದ ಕಚೇರಿಯಲ್ಲಿ ವಿಚಾರಿಸಿಯೇ ಕೆಲಸಕ್ಕೆ ಕೈಹಾಕುವುದು ಕ್ಷೇಮ. ಪಾಲಿಕೆಯ ಅನುಮತಿ ಇದರ ಹೊರತಾಗಿ ಬೇರೆಯೇ ಬೇಕು.

ಮನೆ ಕೆಡವಿ ಅಪಾರ್ಟಮೆಂಟು ಎಬ್ಬಿಸೋಣವೆನ್ನುವ ಮಕ್ಕಳಿಗೆ ಹಿರಿಯರು ಇದನ್ನು ತಿಳಿಸಬೇಕು. ಕೆಡವಿದ ಜಾಗದಲ್ಲಿ ಮತ್ತೆ ಕಟ್ಟಲು ಅನುಮತಿ ಸಿಗದೆ ಹೋದರೆ ಇದ್ದ ಸೂರೂ ಕೈಬಿಟ್ಟೀತು. ಇದ್ದುದನ್ನು ದುರಸ್ತಿ ಮಾಡುವುದೇ ಇಂಥಲ್ಲಿ ನೆಮ್ಮದಿಯ ಹಾದಿ.

ಮೊದಲು ಮನೆಯವರ ಒಪ್ಪಿಗೆ

ಹಳೆಯ ಮನೆಗಳಲ್ಲಿ ಬಹಳಷ್ಟಕ್ಕೆ ಇನ್ನೂ ವಾಟ್ನಿಯಾಗಿರುವುದಿಲ್ಲ. ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ಇಂಥ ಮನೆಯ ಅಟ್ಟವನ್ನು ಒಬ್ಬ ಮಗನು ತಾನೇ ಬಾಡಿಗೆಗೆ ಕೊಟ್ಟು ಹಣ ಪಡೆಯತೊಡಗಿದರೆ ಒಡಹುಟ್ಟಿದವರ ನಡುವೆ ಒಡಕು ಹುಟ್ಟುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ವೀರಶೈವ, ಲಿಂಗಾಯತರಿಗೂ ಅನ್ವಯಿಸುತ್ತದೆಂದು ಅದರ ಎರಡನೆಯ ಕಲಮಿನಲ್ಲಿಯೇ ಹೇಳಲಾಗಿದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ನಮ್ಮ ರಾಜ್ಯವು 1994ರಲ್ಲಿ ಕೊಡಲಾರಂಭಿಸಿತು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು.

ಆದುದರಿಂದ ದುರಸ್ತಿಯ ಖರ್ಚು ಯಾರದು, ಬಾಡಿಗೆ ಯಾರಿಗೆ ಸೇರಬೇಕು ಎಂಬುದನ್ನು ಕೊಟ್ಟ ಮನೆಗಳಲ್ಲಿರುವ ಅಕ್ಕತಂಗಿಯರನ್ನೂ ಕರೆದು ನಿರ್ಣಯಿಸುವುದು ಧರ್ಮ. ಹಿರಿಯರು ಬದುಕಿರುವತನಕ ಬಾಡಿಗೆಯು ಅವರ ಔಷಧೋಪಚಾರಕ್ಕೇ ಸಲ್ಲಲೆಂದು ಎಲ್ಲರೂ ಸೇರಿ ಬರೆದುಕೊಂಡರೆ ಅದಕ್ಕಿಂತ ಒಳ್ಳೆಯ ನಿರ್ಣಯ ಇನ್ನಾವುದು?

ಕರಾರು ಪತ್ರದಲ್ಲಿ ಏನಿರಬೇಕು

"ಮಾತೇ ಸಾಕು, ಪತ್ರವೇಕೆ" ಎನ್ನುವ ಕಾಲ ಮುಗಿಯಿತು. ಬರಹವು ಅವಿಶ್ವಾಸದ ಗುರುತಲ್ಲವೆಂದೂ ಎರಡೂ ಕಡೆಯವರ ನೆನಪಿಗೆ ಅದು ಊರುಗೋಲೆಂದೂ ತಿಳಿಯಬೇಕು.

1882ರ ಸ್ವತ್ತು ಹಸ್ತಾಂತರ ಕಾಯ್ದೆಯಂತೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ಇದನ್ನು ತಪ್ಪಿಸಲೆಂದೇ 11 ತಿಂಗಳ ಕರಾರಿನ ರೂಢಿ ಬೆಳೆದುಬಂದಿದೆ. ನೋಂದಣಿಯಾಗಬೇಕಾದ ಪತ್ರವನ್ನು ನೋಂದಾಯಿಸದೆ ಇಟ್ಟುಕೊಂಡರೆ ಅದರ ಷರತ್ತುಗಳನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ಕಷ್ಟ. ಎರಡು ಮೂರು ವರ್ಷ ಒಬ್ಬರೇ ಇರಲೆಂದು ಬಯಸುವವರು ಸ್ವಲ್ಪ ಖರ್ಚಾದರೂ ನೋಂದಣಿ ಮಾಡಿಸುವುದು ಉತ್ತಮ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟೀಸಿನಿಂದ ಕೊನೆಗೊಳಿಸಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಮಕ್ಕಳ ಶಾಲೆ ಇರುವ ಕುಟುಂಬಕ್ಕೆ 15 ದಿನ ಏನೇನೂ ಸಾಲದು. ಎರಡು ತಿಂಗಳ ಅವಧಿಯನ್ನು ಪತ್ರದಲ್ಲಿ ಬರೆಯುವುದು ಮಾನವೀಯತೆ.

2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಕೆಲವು ಒಳ್ಳೆಯ ಸೂತ್ರಗಳಿವೆ. ವಾಸದ ಮನೆಗೆ ಮುಂಗಡ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು. ಮನೆಯ ಮಾಲೀಕರು ಒಳಗೆ ಬರಬೇಕಾದರೆ 24 ತಾಸು ಮೊದಲು ತಿಳಿಸಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ಅದು ರಾಜ್ಯಗಳ ಮುಂದಿಟ್ಟ ಮಾದರಿಯೇ ಹೊರತು ತಾನಾಗಿಯೇ ಎಲ್ಲೆಡೆ ಜಾರಿಯಾಗುವ ಕಾಯ್ದೆಯಲ್ಲ. ಆದರೂ ಈ ಎರಡು ಮಾತುಗಳನ್ನು ನಾವೇ ನಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಬಾಡಿಗೆಯ ಮೊತ್ತ, ವರ್ಷಕ್ಕೆ ಎಷ್ಟು ಏರಿಕೆ, ಠೇವಣಿ ಮರಳಿಸುವ ದಿನ, ಸಣ್ಣ ರಿಪೇರಿ ಯಾರದು, ದೊಡ್ಡ ರಿಪೇರಿ ಯಾರದು, ಸುಣ್ಣಬಣ್ಣದ ಖರ್ಚು, ವಾಹನ ನಿಲ್ಲಿಸುವ ಜಾಗ, ನೀರಿನ ಪಾಲು ಇವೆಲ್ಲ ಪತ್ರದಲ್ಲಿರಲಿ. ಒಪ್ಪಿಸುವ ದಿನ ಫ್ಯಾನು, ಗೀಜರು, ಬೀಗ, ಕಿಟಕಿಯ ಗಾಜುಗಳ ಯಾದಿ ಮಾಡಿ ಇಬ್ಬರೂ ಸಹಿ ಹಾಕಲಿ. ಬಾಡಿಗೆ ಬ್ಯಾಂಕಿನ ಮೂಲಕವೇ ಬರಲಿ.

ತಿಂಗಳ ಬಾಡಿಗೆಯಿಲ್ಲದೆ ದೊಡ್ಡ ಮೊತ್ತವನ್ನು ಒಮ್ಮೆಗೇ ಪಡೆದು ‘ಲೀಸು’ ಕೊಡುವ ಪದ್ಧತಿಯೂ ನಮ್ಮಲ್ಲುಂಟು. ಹೀಗೆ ಪಡೆದ ಹಣ ಮಗಳ ಮದುವೆಗೋ ಮಗನ ವ್ಯಾಪಾರಕ್ಕೋ ಖರ್ಚಾಗಿ, ಮರಳಿಸುವ ದಿನ ಬಂದಾಗ ಕೈ ಬರಿದಾಗಿರುವ ಪ್ರಸಂಗಗಳು ಬಹಳ. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರಂತೂ ಹಣ ಕೊಟ್ಟ ಕುಟುಂಬ ಬೀದಿಗೆ ಬೀಳುವ ಭಯವಿದೆ. ತಿಂಗಳ ಬಾಡಿಗೆಯೇ ಎರಡೂ ಕಡೆಗೆ ಹಿತವೆಂಬುದು ನಮ್ಮ ಅಭಿಪ್ರಾಯ.

ಒಂದಿಷ್ಟು ಲೆಕ್ಕ

ಉದಾಹರಣೆಗಾಗಿ ತಿಂಗಳಿಗೆ 15,000 ರೂಪಾಯಿ ಬಾಡಿಗೆಯೆಂದು ಹಿಡಿಯೋಣ. ವರ್ಷಕ್ಕೆ 1,80,000 ರೂಪಾಯಿ. ಮಾಲೀಕರು ಆ ಭಾಗಕ್ಕೆ 5,000 ರೂಪಾಯಿ ಪಾಲಿಕೆಯ ತೆರಿಗೆ ಕಟ್ಟಿದ್ದರೆ ಉಳಿಯುವುದು 1,75,000. ಇದರಲ್ಲಿ ಶೇಕಡಾ 30ರಷ್ಟನ್ನು, ಎಂದರೆ 52,500 ರೂಪಾಯಿಗಳನ್ನು, ದುರಸ್ತಿ ಮುಂತಾದವಕ್ಕೆಂದು ಆದಾಯ ತೆರಿಗೆಯ ನಿಯಮವೇ ಕಳೆಯಲು ಬಿಡುತ್ತದೆ. ತೆರಿಗೆಯ ಲೆಕ್ಕಕ್ಕೆ ಬರುವ ಆದಾಯ 1,22,500 ರೂಪಾಯಿ ಮಾತ್ರ.

ಕಾಯ್ದೆ ಬಿಟ್ಟ ಆ 52,500 ರೂಪಾಯಿಗಳನ್ನು ನಿಜವಾಗಿಯೂ ಮನೆಗೇ ಮೀಸಲಿಡಬೇಕೆಂದು ನಾವು ಸೂಚಿಸುತ್ತೇವೆ. ಹೆಂಚು, ಗೆದ್ದಲಿನ ಔಷಧ, ಸುಣ್ಣ, ನಳದ ರಿಪೇರಿ ಇವು ವರ್ಷವೂ ತಪ್ಪದ ಖರ್ಚುಗಳು. ದುರಸ್ತಿಗೆ ಮೊದಲು 6 ಲಕ್ಷ ರೂಪಾಯಿ ಹಾಕಿದ್ದರೆ, ಈ ಮೀಸಲು ಹಾಗೂ ಪಾಲಿಕೆಯ ತೆರಿಗೆ ಕಳೆದು ಉಳಿಯುವ 1,22,500ರಿಂದ ಆ ಹಣ ಮರಳಲು ಐದು ವರ್ಷಗಳ ಮಾತು. ಮನೆ ಖಾಲಿ ಬೀಳುವ ತಿಂಗಳುಗಳನ್ನು ಹಿಡಿದರೆ ಇನ್ನೂ ಒಂದು ವರ್ಷ ಬೇಕಾದೀತು. ಇಷ್ಟನ್ನು ಲೆಕ್ಕಹಾಕದೆ ಸಾಲ ಮಾಡಿ ಅಲಂಕಾರ ಮಾಡಿಸಿದರೆ ಬಡ್ಡಿಯು ಬಾಡಿಗೆಯನ್ನು ನುಂಗುತ್ತದೆ.

ಯಾರಿಗೆ ಕೊಡಬೇಕು?

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಮಾತಿಗೆ ಬರೋಣ. ಮನೆ ಕೇಳಲು ಬಂದವರಿಗೆ ನಮ್ಮ ಓಣಿಗಳಲ್ಲಿ ಎದುರಾಗುವ ಮೊದಲ ಪ್ರಶ್ನೆ ಕೆಲಸದ್ದೂ ಅಲ್ಲ, ಬಾಡಿಗೆಯದೂ ಅಲ್ಲ, "ನೀವು ಯಾವ ಮಂದಿ?" ಎಂಬುದು. ಕೆಲವು ಕಡೆ ‘ನಮ್ಮ ಸಮಾಜದವರಿಗೆ ಮಾತ್ರ’ ಎಂಬ ಮಾತು ಬಾಗಿಲಲ್ಲಿಯೇ ಕೇಳಿಬರುತ್ತದೆ. ಜಾತಿ ಹೇಳಿದೊಡನೆ "ಮನೀ ಆಗಲೇ ಹೋಗೇತಿ" ಎಂಬ ಉತ್ತರ ಪಡೆದು ಮೆಟ್ಟಿಲಿಳಿದು ಹೋಗುವ ತರುಣ ಅಧ್ಯಾಪಕರ, ದಾದಿಯರ, ಗುಮಾಸ್ತರ ಮನಸ್ಸಿನ ನೋವನ್ನು ನಾವು ಅರಿಯಬೇಡವೇ?

ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯನವರನ್ನು ಶರಣರೆಂದು ಪೂಜಿಸುವ ಮನೆಗಳಿಗೆ ಈ ಪ್ರಶ್ನೆ ಒಪ್ಪುವುದಿಲ್ಲ. ನಮ್ಮ ಹಿಂದಿನವರ ಇತಿಹಾಸವನ್ನಾದರೂ ನೆನೆಯೋಣ. ನವಲಗುಂದ, ಸವದತ್ತಿ, ರೋಣದ ಕಡೆಯ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದು, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನಲ್ಲಿ ಓದಿದ ತಲೆಮಾರುಗಳು ಧಾರವಾಡದ ಬಾಡಿಗೆ ಕೋಣೆಗಳಲ್ಲಿಯೂ ಮುರುಘಾಮಠದ ಪ್ರಸಾದನಿಲಯದಂತಹ ಆಸರೆಗಳಲ್ಲಿಯೂ ಇದ್ದು ಮುಂದೆ ಬಂದವು. ಅಪರಿಚಿತ ನಗರದಲ್ಲಿ ಯಾರೋ ಬಾಗಿಲು ತೆರೆದುದರಿಂದಲೇ ಇಂದು ನಮ್ಮ ಅನೇಕ ಕುಟುಂಬಗಳಿಗೆ ಸ್ವಂತ ಬಾಗಿಲುಗಳಾಗಿವೆ. ಇಂದು ನಮ್ಮ ಮಕ್ಕಳೇ ದೂರದ ಊರುಗಳಲ್ಲಿ ಮನೆ ಹುಡುಕುತ್ತಾ ಭಾಷೆ, ಜಾತಿ, ಊಟದ ಪ್ರಶ್ನೆಗಳಿಗೆ ತಲೆತಗ್ಗಿಸಿ ಉತ್ತರಿಸುತ್ತಿದ್ದಾರೆಂಬುದನ್ನೂ ಮರೆಯಬಾರದು.

ಆಹಾರದ ವಿಷಯದಲ್ಲಿ ಹಲವು ಗೃಹಿಣಿಯರಿಗೆ ಕಳವಳವಿರುವುದು ಸಹಜ. ಕೆಳಗೆ ಲಿಂಗಪೂಜೆ ನಡೆಯುವ ಮನೆ ಎಂದು ನಿಮ್ಮ ಆಚಾರವನ್ನು ವಿನಯದಿಂದ, ಎಲ್ಲರಿಗೂ ಒಂದೇ ರೀತಿಯಲ್ಲಿ ಮೊದಲೇ ತಿಳಿಸಿರಿ. ಒಪ್ಪಿ ಬರುವುದು ಬಿಡುವುದು ಅವರ ಇಚ್ಛೆ. ಆದರೆ ಆಹಾರದ ನೆಪವೊಡ್ಡಿ ಜಾತಿಯನ್ನು ಕೆದಕುವುದು ಬೇಡ. ವಿಚಾರಿಸಬೇಕಾದ ಮಾತುಗಳು ಬೇರೆಯೇ ಇವೆ. ಉದ್ಯೋಗವೇನು, ಹಿಂದಿನ ಮನೆಯ ಮಾಲೀಕರು ಏನೆನ್ನುತ್ತಾರೆ, ಎಷ್ಟು ಜನ ಇರುತ್ತಾರೆ, ಗುರುತಿನ ಪತ್ರವಿದೆಯೇ ಎಂಬುದನ್ನು ಕೇಳಿರಿ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ತಿಳಿಸಿರಿ. ಇಷ್ಟರಿಂದ ಸಜ್ಜನರು ಯಾರೆಂದು ತಿಳಿಯುತ್ತದೆ. ಜಾತಿಯಿಂದ ಅದು ಎಂದೂ ತಿಳಿದದ್ದಿಲ್ಲ.

ಬಾಡಿಗೆಗೆ ಬರುವವರಿಗೆ

ಓದುಗರಲ್ಲಿ ಬಾಡಿಗೆಗೆ ಮನೆ ಹುಡುಕುವ ದಂಪತಿಗಳೂ ಇದ್ದಾರೆ. ಅವರಿಗೂ ನಾಲ್ಕು ಮಾತು. ‘ಲಕ್ಸುರಿ’ ಎಂಬ ಹೆಸರಿಗೆ ಮರುಳಾಗದೆ ಮನೆಯನ್ನು ಹಗಲಿನಲ್ಲಿ ಒಮ್ಮೆ, ಸಂಜೆ ಒಮ್ಮೆ ನೋಡಿರಿ. ಮಧ್ಯಾಹ್ನ ಎರಡು ಗಂಟೆಗೆ ಅಟ್ಟದಲ್ಲಿ ನಿಂತರೆ ಬೇಸಿಗೆಯ ಕಾವು ತಿಳಿಯುತ್ತದೆ. ಛಾವಣಿಯ ಮೂಲೆಗಳಲ್ಲಿ ಮಳೆನೀರಿನ ಕಲೆಗಳಿವೆಯೇ ಎಂದು ಗಮನಿಸಿರಿ. ಮುಪ್ಪಿನ ಅತ್ತೆಮಾವಂದಿರು ಜೊತೆಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಮೆಟ್ಟಿಲು ಹತ್ತಿಸಿ ನೋಡಿರಿ. ಮನೆ ಕೊಡುವವರ ಹೆಸರು ಉತಾರದಲ್ಲಿದೆಯೇ, ಇಲ್ಲದಿದ್ದರೆ ಉಳಿದ ಹಕ್ಕುದಾರರ ಒಪ್ಪಿಗೆಯಿದೆಯೇ ಎಂದು ಕೇಳಲು ಸಂಕೋಚ ಬೇಡ. 2023ರಲ್ಲಿ ರಾಜ್ಯ ಸರಕಾರ ತಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರನ್ನೂ ಸೇರಿಸಲಾಗಿದೆ. ಅದಕ್ಕೆ ಕರಾರು ಪತ್ರವೇ ಆಧಾರವಾದೀತು.

ಹಳೆಯ ಮನೆಗೆ ಹೋದ ಮೇಲೆ ಅದರ ರೀತಿಗೆ ಹೊಂದಿಕೊಳ್ಳಬೇಕು. ಮಾಲೀಕರನ್ನು ಕೇಳದೆ ಕಂಬಕ್ಕೆ ಮೊಳೆ ಹೊಡೆಯುವುದು, ಗೋಡೆ ಕೊರೆಯುವುದು ಸಲ್ಲದು. ಮರದ ನೆಲದ ಮೇಲಿನ ಸಪ್ಪಳ ಕೆಳಗಿನವರ ನಿದ್ರೆ ಕೆಡಿಸುತ್ತದೆಂಬ ಅರಿವಿರಲಿ. ಕೆಳಗಿರುವ ಅಜ್ಜ ಅಮ್ಮಂದಿರನ್ನು ದಿನಕ್ಕೊಮ್ಮೆ "ಆರಾಮ ಅದೀರೇನ್ರಿ?" ಎಂದು ಮಾತನಾಡಿಸುವುದಕ್ಕೆ ಯಾವ ಕರಾರಿನಲ್ಲಿಯೂ ಷರತ್ತು ಬೇಕಾಗಿಲ್ಲ. ದೂರದಲ್ಲಿರುವ ಮಕ್ಕಳಿಗೆ ಆ ಒಂದು ಮಾತು ಎಷ್ಟು ನಿಶ್ಚಿಂತೆ ಕೊಡುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಕೊನೆಯ ಮಾತು

ಬಾಡಿಗೆಯು ದುಡಿಯದೆ ಬರುವ ಹಣವೆಂದು ಕೆಲವರು ಹಗುರಾಗಿ ಭಾವಿಸುತ್ತಾರೆ. ಕಾಯಕವನ್ನು ನಂಬಿದ ನಾವು ಹಾಗೆ ಭಾವಿಸಲಾಗದು. ತೊಲೆಗೆ ಗೆದ್ದಲು ಹತ್ತದಂತೆ, ಬಂದವರ ಮೇಲೆ ಮಳೆ ಸುರಿಯದಂತೆ, ಕೊಟ್ಟ ಮಾತು ತಪ್ಪದಂತೆ ನೋಡಿಕೊಳ್ಳುವುದೇ ಮನೆಯೊಡೆಯನ ಕಾಯಕ. ಆ ಕಾಯಕ ಮಾಡಿದವನಿಗೆ ಮಾತ್ರ ಬಾಡಿಗೆ ನ್ಯಾಯವಾದ ಗಳಿಕೆ.

ಈ ಬೇಸಿಗೆಯ ರಜೆಗೆ ಮಕ್ಕಳು ಊರಿಗೆ ಬಂದಾಗ ಹಿರಿಯರು ಅವರನ್ನು ಅಟ್ಟಕ್ಕೆ ಕರೆದೊಯ್ಯಲಿ. ತೊಲೆಗಳನ್ನು ತೋರಿಸಲಿ, ಉತಾರವನ್ನು ಹೊರಗೆ ತೆಗೆಯಲಿ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಲೆಕ್ಕ ಹಾಕಲಿ. ಮನೆ ಉಳಿಸಲು ಸಾಧ್ಯವೋ ಅಸಾಧ್ಯವೋ ಎಂಬುದು ಒಂದು ದಿನದ ಮಾತುಕತೆಯಲ್ಲಿ ತಿಳಿದುಬರುತ್ತದೆ. ಸಾಧ್ಯವಾದಲ್ಲಿ, ಮುಂದಿನ ಮಳೆಗಾಲಕ್ಕೆ ಆ ಅಟ್ಟದ ಕಿಟಕಿಯಲ್ಲಿ ಒಂದು ದೀಪ ಉರಿಯುತ್ತಿರಲಿ. ಅದನ್ನು ಹಚ್ಚಿದವರು ಯಾವ ಮಂದಿಯೆಂದು ಓಣಿಯವರು ಕೇಳದಿರಲಿ.